ಹೋಂಸ್ಟೇಯಲ್ಲಿ "ಸಸ್ಯ ದೀಕ್ಷೆ" ಮಾಡ್ತಾರಂತೆ, 12 ಬಕೆಟ್ ಕೇಳಿದ್ದಾರೆ. ಇದು ಎಂಥದು?

ಬಣಕಲ್ ಅಡುಗೆಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಬಣಕಲ್ ಹತ್ತಿರ ನಮ್ಮದು 8 ಎಕರೆ ರೋಬಸ್ಟಾ, ಜೊತೆಗೆ ಮೆಣಸು. ತೋಟ ನಮ್ಮ ಮನೆಯವರದ್ದು, ಹೋಂಸ್ಟೇ ನನ್ನದು. ಮೂರು ರೂಮು, ಒಂದು ಹಾಲು. ಬರೋರು ಕಡುಬು, ಕೋಳಿ ಸಾರು ಉಣ್ತಾರೆ, ಮೊದಲೇ ಹೇಳಿದ್ರೆ ಹಂದಿ ಮಾಡ್ತೀನಿ. ಬೆಳಿಗ್ಗೆ ಅಕ್ಕಿ ರೊಟ್ಟಿ ತಿಂದು ಚಾರ್ಮಾಡಿ ಕಡೆ ಹೋಗಿ ಫೋಟೋ ತೆಗೆಸ್ಕೊಂಡು ಬರ್ತಾರೆ. 11 ವರ್ಷದಲ್ಲಿ ನಾನು ಕಂಡ ದೊಡ್ಡ ಗಲಾಟೆ ಅಂದ್ರೆ ಜಿಗಣೆ ಹತ್ತಿಸ್ಕೊಂಡು ಊರೆಲ್ಲ ಕೇಳೋ ಹಾಗೆ ಕೂಗಿಕೊಂಡ ಒಬ್ಬ ಗಂಡಸಿನದ್ದು.

ಹೋದ ವಾರ ಒಂದು ಬುಕಿಂಗ್ ಬಂತು. ಅಕ್ಟೋಬರ್ ಹುಣ್ಣಿಮೆಗೆ ಮೂರು ದಿನ ಇಡೀ ಮನೆ ಬೇಕು, 12 ಜನ, ಬೇರೆ ಗೆಸ್ಟ್ ಇರಬಾರದು. ಕೊಡ್ತೀವಿ ಅಂದ ದುಡ್ಡು ನಾನು ತಗೊಳ್ಳೋದರ ಎರಡರಷ್ಟು. ರಿಟ್ರೀಟ್ ಅಂದ್ರು. ಯೋಗದವರು, ಧ್ಯಾನದವರು ಮುಂಚೆ ಬಂದು ಹೋಗಿದ್ದಾರೆ, ನಾನೂ ಹೂಂ ಅಂದೆ. ಆಮೇಲೆ ವಾಟ್ಸ್ಯಾಪ್‌ನಲ್ಲಿ ಪಟ್ಟಿ ಬಂತು ನೋಡಿ. ಊಟಕ್ಕೆ ಉಪ್ಪು ಬೇಡ, ಖಾರ ಬೇಡ, ಹುಳಿ, ಎಣ್ಣೆ, ಸಕ್ಕರೆ ಯಾವುದೂ ಬೇಡ. ಹಂದಿ ಮಾಂಸ ಆ ವಾರ ಮನೆಯೊಳಗೇ ಬರಬಾರದು. ಬರೀ ಅನ್ನ, ಬೇಯಿಸಿದ ಬಾಳೆಕಾಯಿ. ನಮ್ಮಲ್ಲಿ ಬಾಣಂತಿಗೂ ಇಂಥ ಪಥ್ಯ ಇಲ್ಲ, ಅವಳಿಗೆ ಕಾಳುಮೆಣಸು, ಬೆಳ್ಳುಳ್ಳಿಯಾದರೂ ಸಿಗುತ್ತೆ. ರಾತ್ರಿ ಹಾಲಿನಲ್ಲಿ ಲೈಟ್ ಇರಬಾರದು. ಕಡೆಯ ಸಾಲು: ಪ್ಲಾಸ್ಟಿಕ್ ಬಕೆಟ್, 12. ಬಕೆಟ್ ಯಾಕಪ್ಪ ಅಂತ ಕೇಳಿದ್ದಕ್ಕೆ ಪಟ್ಟಿ ಕಳಿಸಿದ ಹುಡುಗ "ಬಿಡುಗಡೆಗೆ, ಆಂಟಿ" ಅಂದ.

ಮೊನ್ನೆ ಜಾಗ ನೋಡೋಕೆ ಅಂತ ಅವರ ಗುರು ಬಂದಿದ್ರು. ನಲವತ್ತು ವರ್ಷ ಇರಬಹುದು, ಬೆಂಗಳೂರಿನವರೇ. ಪೆರು ದೇಶದಲ್ಲಿ ಆರು ತಿಂಗಳು ಇದ್ದು "ಶಾಮನ್" (ಆತ್ಮಗಳ ಜೊತೆ ಮಾತಾಡಿ ರೋಗ ನೋಡೋರು) ಆಗಿ ಬಂದವರಂತೆ. ಮಾತು ಮೆತ್ತಗೆ, ಒಳ್ಳೆಯವರ ಹಾಗೇ ಕಂಡ್ರು. ಗೇಟಿನ ಪಕ್ಕ ಬೇಲಿಯಲ್ಲಿ ಕಹಳೆ ಥರ ಜೋತುಬಿದ್ದ ಬಿಳಿ ಹೂವಿನ ಗಿಡ ಇದೆಯಲ್ಲ, ಮಲೆನಾಡಲ್ಲಿ ಎಲ್ಲರ ಮನೆ ಬೇಲಿಯಲ್ಲೂ ಇರುತ್ತೆ, ಅದರ ಮುಂದೆ ಕೈ ಮುಗಿದು ನಿಂತುಬಿಟ್ರು. "ಇದು ಅಲ್ಲಿ ದೊಡ್ಡ ಗುರು, ನಿಮ್ಮ ಮನೆಯನ್ನ ಇದೇ ಆರಿಸಿದ್ದು" ಅಂದ್ರು. ಜಗಲಿಯಲ್ಲಿ ಕೂತಿದ್ದ ನಮ್ಮ ಅತ್ತೆ ಅಡಿಕೆ ಕತ್ತರಿಸ್ತಾ, "ಅದರ ರಸ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡ ಅಂತ ಹೇಳೇ ಅವರಿಗೆ" ಅಂದ್ರು.

ನನಗೆ ಕೇಳಬೇಕಾಗಿರೋದು ಇಷ್ಟು. ಗಿಡ ಕುಡಿದು ದೇವರನ್ನ ನೋಡೋದು ಅಂತ ನಿಜವಾಗಿ ಒಂದು ಸಂಪ್ರದಾಯ ಇದೆಯಾ, ಇಲ್ಲಾ ಇದು ಅಮಲಿಗೆ ಇಟ್ಟ ಒಳ್ಳೆ ಹೆಸರಾ? ಮನೆ ಕೊಡಬಹುದಾ? ಬೈಯೋರು ಬೈಯಿರಿ, ಗೊತ್ತಿದ್ದು ಬೈಯಿರಿ.

ಗೊರೂರು ಗಾಳಿ

ಅಕ್ಕ, ಕೊಡಿ ಕೊಡಿ. ನನಗೂ ಒಂದು ಬಕೆಟ್ ಇಡಿ.

ತಮಾಷೆ ಬಿಡಿ. ಇದನ್ನ ಹೊರದೇಶದ್ದು ಅಂತ ಹೆದರೋದ್ಯಾಕೆ ಕಣ್ರೀ? ಶಿವನಿಗೆ ದತ್ತೂರಿ ಏರಿಸ್ತೀವಿ. ಉತ್ತರದ ಕಡೆ ಶಿವರಾತ್ರಿಗೆ ಭಂಗಿ ಅರೆದು ಕುಡೀತಾರೆ. ಯಾದಗಿರಿ ಜಿಲ್ಲೆಯ ತಿಂಥಿಣಿ ಮೌನೇಶ್ವರದಲ್ಲಿ ಗಾಂಜಾ ಪ್ರಸಾದ ಅಂತ ಪೇಪರಲ್ಲೇ ಬಂದಿತ್ತು. ಇನ್ನು ವೇದದ ಸೋಮರಸ? ಅದು ಅಣಬೆ ಅಂತ ಅಮೆರಿಕದವರೇ ಬರೆದಿದ್ದಾರೆ. ನಮ್ಮದನ್ನ ನಾವು ಮರೆತ್ವಿ, ಅವರು ಪೆರುವಿನಿಂದ ತಂದು ನಮಗೇ ಮಾರ್ತಾರೆ.

ಕೋರ್ಟ್ ಕಟ್ಟೆ, ಚಿಕ್ಕಮಗಳೂರು

ಬಣಕಲ್ ಮೇಡಂ, ದೇವರ ವಿಷಯ ಬೇರೆಯವರು ಹೇಳಲಿ, ನಾನು ಕಾಗದದ ವಿಷಯ ಹೇಳ್ತೀನಿ.

1985ರ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿ ಎಲ್‌ಎಸ್‌ಡಿ, ಡಿಎಂಟಿ, ಮೆಸ್ಕಲಿನ್, ಸಿಲೋಸೈಬಿನ್ ಅನ್ನೋ ಭ್ರಮೆ ಹುಟ್ಟಿಸೋ ರಾಸಾಯನಿಕ ನಾಲ್ಕೂ ಇವೆ. ಪೆರು, ಬಕೆಟ್ ಅಂದ್ರೆ ಅವರು ತರೋದು ಬಹುಶಃ ಅಯಾವಾಸ್ಕ ಅನ್ನೋ ಗಿಡದ ಕಷಾಯ, ಅದರಲ್ಲಿರೋದು ಡಿಎಂಟಿ. ಗಿಡ ಬೇರೆ, ಅದರೊಳಗಿನ ರಾಸಾಯನಿಕ ಬೇರೆ ಅಂತ ವಾದ ಮಾಡೋರಿದ್ದಾರೆ. ಮಾಡಬಹುದು, ಜಾಮೀನು ಸಿಕ್ಕ ಮೇಲೆ. ಗೊರೂರಿನವರು ಹೇಳಿದ ಭಂಗಿಯ ಕಥೆ ಬೇರೆ. ಹೂವಿನ ತುದಿ ಸೇರದ ಬರೀ ಎಲೆಯನ್ನ ಆ ಕಾಯ್ದೆ ಗಾಂಜಾ ಅನ್ನೋದಿಲ್ಲ. ಪ್ರಸಾದ ಅಂದ ಮಾತ್ರಕ್ಕೆ ಗಾಂಜಾಕ್ಕೆ ವಿನಾಯಿತಿಯೂ ಇಲ್ಲ.

ನಿಮಗೆ ಮುಖ್ಯವಾದದ್ದು 25ನೇ ಸೆಕ್ಷನ್. ಗೊತ್ತಿದ್ದೂ ಜಾಗ ಕೊಟ್ಟ ಮಾಲೀಕರಿಗೆ, ಅಲ್ಲಿ ನಡೆದ ಅಪರಾಧಕ್ಕೆ ಏನು ಶಿಕ್ಷೆಯೋ ಅದೇ ಶಿಕ್ಷೆ. ನೀವು ಇಲ್ಲಿ ಬರೆದಾಯ್ತು, ಇನ್ನು ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಗುಂಪಲ್ಲಿ ಹೊರದೇಶದವರು ಒಬ್ಬರಿದ್ದರೂ ಅವರು ಬಂದ ವಿವರವನ್ನ 24 ಗಂಟೆಯೊಳಗೆ ಸರ್ಕಾರಕ್ಕೆ ಕೊಡಬೇಕು, ಅದೂ ನೆನಪಿರಲಿ.

ಹೆತ್ತೂರು ಬಸ್ಸು

ಅಕ್ಕ, ಕಾನೂನು ಸ್ಪಷ್ಟ ಆಯ್ತು. ಆ ಬಕೆಟ್ ಯಾಕೆ ಅಂತ ನಾನು ಹೇಳ್ತೀನಿ, ನಾನೂ ಅಂಥ ಒಂದು ಬಕೆಟ್ ಹಿಡಿದು ಕೂತವನೇ.

ನಾನು ಸಕಲೇಶಪುರ ತಾಲ್ಲೂಕಿನವನು. ಮೂರು ವರ್ಷ ಅಮೆರಿಕದಲ್ಲಿ ಕೆಲಸದಲ್ಲಿದ್ದೆ. ಅಪ್ಪ ತೀರಿಕೊಂಡಾಗ ಬರೋಕಾಗಲಿಲ್ಲ, ವೀಸಾ ಕಾಗದ ಆಫೀಸಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ವಿಡಿಯೋ ಕಾಲ್‌ನಲ್ಲಿ ಮಣ್ಣು ನೋಡಿದೆ. ಆಮೇಲೆ ಒಂದು ವರ್ಷ ನಿದ್ದೆ ಸರಿಯಿರಲಿಲ್ಲ. ಗೆಳೆಯನೊಬ್ಬ ಪೆರುವಿಗೆ ಹೋಗೋಣ ಅಂದ, ಹೊರಟೆ. ಅಲ್ಲಿ ಈ ಕಷಾಯ ಕಾನೂನುಬಾಹಿರ ಅಲ್ಲ. ಉಕಯಾಲಿ ಅಂತ ದೊಡ್ಡ ನದಿ, ದಂಡೆಯಲ್ಲಿ ಪುಕಾಲ್ಪ ಅನ್ನೋ ಊರು, ಅಲ್ಲಿಂದ ದೋಣಿಯಲ್ಲಿ ಒಳಗೆ. ಶಿಪಿಬೊ ಅನ್ನೋ ಜನ. ಏಳು ದಿನ, ನಾಲ್ಕು ರಾತ್ರಿ ಕುಡಿಯೋದು.

ಹೆಸರು ಅಯಾವಾಸ್ಕ. ಕೆಚುವಾ ಭಾಷೆಯಲ್ಲಿ "ಅಯಾ" ಅಂದ್ರೆ ಸತ್ತವರು, ಆತ್ಮ. "ವಾಸ್ಕ" ಅಂದ್ರೆ ಹಗ್ಗ, ಬಳ್ಳಿ. ಸತ್ತವರ ಬಳ್ಳಿ. ಒಂದೇ ಗಿಡ ಅಲ್ಲ, ಎರಡು ಸೇರಿಸಿ ದಿನವಿಡೀ ಕುದಿಸ್ತಾರೆ. ಒಂದು ಬಳ್ಳಿ, ಇನ್ನೊಂದು ಸೈಕೋಟ್ರಿಯ ಅನ್ನೋ ಪೊದೆಯ ಸೊಪ್ಪು. ಆ ಪೊದೆ ನೋಡಿದ ಕೂಡಲೇ ನನಗೆ ನಗು ಬಂತು. ಎದುರುಬದುರು ಹೊಳೆಯೋ ಎಲೆ, ನಡುವೆ ಪುಟ್ಟ ಕೆಂಪು ಹಣ್ಣು. ನಮ್ಮ ಕಾಫಿ ಕುಟುಂಬದ್ದೇ! (ಅದರ ದಾಯಾದಿಗಳು ನಮ್ಮ ಘಟ್ಟದ ಕಾಡಲ್ಲೂ ಇವೆ. ದಯವಿಟ್ಟು ಯಾರೂ ಕುದಿಸೋಕೆ ಹೋಗಬೇಡಿ, ಅದೇ ಕುಟುಂಬ ಅಂದ್ರೆ ಅದೇ ಗುಣ ಅಲ್ಲ.) ಸೊಪ್ಪಲ್ಲಿ ಡಿಎಂಟಿ ಇರುತ್ತೆ, ಆದ್ರೆ ಬರೀ ಸೊಪ್ಪು ಕುಡಿದ್ರೆ ಏನೂ ಆಗಲ್ಲ, ಹೊಟ್ಟೆಯಲ್ಲೇ ಒಂದು ಕಿಣ್ವ ಅದನ್ನ ಮುರಿದು ಹಾಕುತ್ತೆ. ಬಳ್ಳಿಯಲ್ಲಿರೋದು ಆ ಕಿಣ್ವವನ್ನ ಕಟ್ಟಿಹಾಕುತ್ತೆ. ಅಷ್ಟು ದೊಡ್ಡ ಕಾಡಲ್ಲಿ ಈ ಎರಡನ್ನೇ ಹೇಗೆ ಜೋಡಿಸಿದ್ರಿ ಅಂತ ಕೇಳಿದ್ರೆ, ಗಿಡವೇ ಹೇಳಿತು ಅಂತಾರೆ ಅಲ್ಲಿಯವರು.

ರುಚಿ? ಹಳೆ ಕಾಫಿ ಚರಟಕ್ಕೆ ಬೇವಿನ ಕಷಾಯ ಸುರಿದ ಹಾಗೆ. ಮುಕ್ಕಾಲು ಗಂಟೆ ಏನೂ ಇಲ್ಲ, ಆಮೇಲೆ ಬಕೆಟ್. ವಾಂತಿ ಅಲ್ಲಿ ಅಡ್ಡಪರಿಣಾಮ ಅಲ್ಲ, ಅದೇ ಚಿಕಿತ್ಸೆಯ ಅರ್ಧ ಭಾಗ. ಅದಕ್ಕೇ ಆ ಹುಡುಗ ಬಿಡುಗಡೆ ಅಂದಿದ್ದು.

ಮೊದಲ ರಾತ್ರಿ ನನಗೆ ದೇವರೂ ಕಾಣಲಿಲ್ಲ, ದೆವ್ವವೂ ಕಾಣಲಿಲ್ಲ. ಕಪ್ಪೆ, ಜೀರುಂಡೆ ಸದ್ದು ಮಾತ್ರ ದೊಡ್ಡದಾಗ್ತಾ ಆಗ್ತಾ, ಹೆತ್ತೂರಿನ ಗದ್ದೆ ಬದುವಿನ ಮೇಲೆ ಕೂತ ಹಾಗಾಯ್ತು. ಮೂರನೇ ರಾತ್ರಿ ಅಪ್ಪ ಕಂಡ್ರು. ಏಣಿ ಹಾಕಿ ಸಿಲ್ವರ್ ಮರದ ಮೇಲೆ ನಿಂತು ಮರಗಸಿ ಮಾಡ್ತಿದ್ರು. ಕತ್ತಿ ಸದ್ದು, ಕೊಂಬೆ ಬೀಳೋ ಸದ್ದು, ಎಲ್ಲ ಸ್ಪಷ್ಟ. ಕೂಗಿದೆ, ಕೆಳಗೆ ನೋಡಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಅಲ್ಲಿ ಹಾಡೋರು ಅರವತ್ತು ದಾಟಿದ ಹೆಂಗಸು, ಕತ್ತಲಲ್ಲಿ ತೆವಳಿಕೊಂಡು ಬಂದು ನನ್ನ ನೆತ್ತಿಗೆ ಹೊಗೆಸೊಪ್ಪಿನ ಹೊಗೆ ಊದಿ, ಕಿವಿ ಹತ್ತಿರ ಸಣ್ಣ ದನಿಯಲ್ಲಿ ಹಾಡಿದ್ರು. ಆ ಹಾಡಿಗೆ ಇಕಾರೊ ಅಂತಾರೆ. ಎಷ್ಟು ಹೊತ್ತೋ ಗೊತ್ತಿಲ್ಲ, ನಾನು ಅತ್ತೆ. ಮೂರು ವರ್ಷದ ಅಳು ಒಂದೇ ಸಲ. ಅದು ಸುಳ್ಳು ಅಂತ ಇವತ್ತಿಗೂ ನಾನು ಹೇಳಲ್ಲ.

ಮಾರನೇ ದಿನ ದುಭಾಷಿಯ ಮೂಲಕ ಕೇಳಿದೆ, ಏನು ಹಾಡಿದ್ರಿ ಅಂತ. ನಿನ್ನ ದಾರಿಯ ಗೆರೆ ಸಿಕ್ಕಾಗಿತ್ತು, ಬಿಡಿಸಿದೆ ಅಂದ್ರು. ಆಮೇಲೆ ಅವರೇ, "ಯಾರನ್ನೋ ಕೂಗ್ತಿದ್ದೆ. ಹೆಸರು ಗೊತ್ತಿದ್ದಿದ್ರೆ ಹಾಡಲ್ಲಿ ಸೇರಿಸ್ತಿದ್ದೆ, ನೀನು ಬಂದ ದಿನ ಯಾಕೆ ಹೇಳಲಿಲ್ಲ?" ಅಂದ್ರು. ಬಂದ ದಿನ ನಾನು ತುಂಬಿಕೊಟ್ಟ ಫಾರಂನಲ್ಲಿ ಅಲರ್ಜಿ ಇತ್ತು, ಪಾಸ್‌ಪೋರ್ಟ್ ನಂಬರ್ ಇತ್ತು. ಅಪ್ಪನ ಹೆಸರಿಗೆ ಜಾಗ ಇರಲಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅದರಲ್ಲೇ ಇದೆ. ಸಂಪ್ರದಾಯ ನಿಜ, ಬಹಳ ಗಟ್ಟಿ. ಪೆರು ಸರ್ಕಾರ 2008ರಲ್ಲಿ ಈ ಜ್ಞಾನವನ್ನ ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆ ಅಂತ ಘೋಷಿಸಿದೆ. ಬ್ರೆಜಿಲ್‌ನಲ್ಲಿ 1930ರ ದಶಕದಲ್ಲಿ ಸ್ಯಾಂಟೊ ದಾಯ್ಮೆ ಅಂತ ಒಂದು ಪಂಥವೇ ಹುಟ್ಟಿತು, ಯೇಸು, ಮೇರಿ, ಕಾಡಿನ ದೇವರು ಎಲ್ಲ ಸೇರಿ, ಇದೇ ಕಷಾಯ ತೀರ್ಥ. ಅಮೆರಿಕದ ಮೂಲನಿವಾಸಿಗಳದ್ದು ಪೆಯೋಟೆ ಕಳ್ಳಿ, ಅದಕ್ಕೆ 1918ರಿಂದ ನೋಂದಾಯಿತ ಚರ್ಚೇ ಇದೆ. ಆದ್ರೆ ಅಮೆಜಾನಿನ ಹಳೆ ಪದ್ಧತಿಯಲ್ಲಿ ಎಷ್ಟೋ ಕಡೆ ಕುಡಿಯೋನು ವೈದ್ಯ, ರೋಗಿ ಅಲ್ಲ. ರೋಗ ಎಲ್ಲಿಂದ ಬಂತು, ಯಾರು ಮಾಡಿಸಿದ್ರು ಅಂತ ಅವನು ನೋಡಿ ಹೇಳಬೇಕು. ಮಾಟ ಮಾಡೋನೂ ಅದನ್ನೇ ಕುಡೀತಾನೆ. ಈ ಪ್ರೀತಿ, ಬೆಳಕು, ನನ್ನನ್ನ ನಾನು ಕಂಡುಕೊಂಡೆ ಅನ್ನೋದೆಲ್ಲ ಟಿಕೆಟ್ ತಗೊಂಡು ಬಂದ ನಮ್ಮಂಥವರು ಸೇರಿಸಿದ್ದು.

ಗೊರೂರಣ್ಣ, ನಿಮ್ಮ ಸೋಮದ ಮಾತಿಗೆ ಬರ್ತೀನಿ. ಕೆಂಪು ಟೊಪ್ಪಿಗೆಗೆ ಬಿಳಿ ಚುಕ್ಕಿ ಇರೋ ಅಣಬೆಯೇ ಸೋಮ ಅಂತ 1968ರಲ್ಲಿ ಬರೆದವನು ಗಾರ್ಡನ್ ವಾಸನ್, ನ್ಯೂಯಾರ್ಕಿನ ದೊಡ್ಡ ಬ್ಯಾಂಕಿನ ಉಪಾಧ್ಯಕ್ಷ ಆಗಿದ್ದವನು. ಪಂಡಿತರೆಲ್ಲ ಅದನ್ನ ಒಪ್ಪಿದ್ದಾರೆ ಅಂತೇನಿಲ್ಲ. ಸೋಮ ಅಂದ್ರೆ ಎಫೆಡ್ರ ಅಂತ ಒಂದು ಪೊದೆ ಅನ್ನೋರಿದ್ದಾರೆ, ಎಲೆಯಿಲ್ಲದ ಸೋಮಲತೆ ಬಳ್ಳಿ ಅನ್ನೋರಿದ್ದಾರೆ. ಆದ್ರೆ ಆ ವಾಸನ್ ಅದಕ್ಕೂ ಮೊದಲು ಮಾಡಿದ್ದು ಕೇಳಿ. 1955ರಲ್ಲಿ ಮೆಕ್ಸಿಕೋದ ಒಆಹಾಕ ಬೆಟ್ಟದ ಒಂದೂರಿಗೆ ಹೋದ. ಅಲ್ಲಿ ಮರಿಯ ಸಬೀನ ಅನ್ನೋ ಮಸಾಟೆಕ್ ಹೆಂಗಸು, ಓದು ಬರಹ ಇಲ್ಲ, ರಾತ್ರಿಯಿಡೀ ಹಾಡಿ ರೋಗ ನೋಡೋರು. ಅಣಬೆಗೆ ಅವರಿಟ್ಟ ಹೆಸರು ಪುಣ್ಯದ ಮಕ್ಕಳು. ಇವನಿಗೂ ತಿನ್ನಿಸಿದ್ರು. ಇವನು 1957ರಲ್ಲಿ ಲೈಫ್ ಪತ್ರಿಕೆಯಲ್ಲಿ ಅವರ ಹೆಸರು ಬದಲಾಯಿಸಿ, ಫೋಟೋ ಮಾತ್ರ ಹಾಕಿ ಬರೆದ. ಹೆಸರು ಮುಚ್ಚಿಟ್ಟರೆ ಮುಖ ಮುಚ್ಚುತ್ತಾ? ಹಿಪ್ಪಿಗಳು ಸಾಲುಗಟ್ಟಿ ಬಂದ್ರು, ಹಿಂದೆಯೇ ಪೊಲೀಸು. ಊರವರು ಸಿಟ್ಟಾದ್ರು, ಮರಿಯ ಸಬೀನರ ಮನೆಗೆ ಬೆಂಕಿ ಬಿತ್ತು. ಮುಪ್ಪಿನಲ್ಲಿ ಅವರು ಹೇಳಿಕೊಂಡದ್ದು ಏನಂದ್ರೆ, ಹೊರಗಿನವರು ಬರೋಕೆ ಮುಂಚೆ ಯಾರೂ ಬರೀ ದೇವರನ್ನ ನೋಡೋಕೆ ಅಂತ ಅದನ್ನ ತಿಂತಿರಲಿಲ್ಲ, ಕಾಯಿಲೆ ವಾಸಿಯಾಗೋಕೆ ತಿಂತಿದ್ರು. ಅವರು ಬಂದ ಮೇಲೆ ಮಕ್ಕಳ ಶಕ್ತಿ ಹೋಯ್ತು. 1985ರಲ್ಲಿ ತೀರಿಕೊಂಡ್ರು, ಬಡತನದಲ್ಲೇ.

ವಿಜ್ಞಾನದ ಮಾತೂ ಒಂದು. 2006ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 36 ಜನಕ್ಕೆ ಆ ಅಣಬೆಯ ಸಿಲೋಸೈಬಿನ್ ಕೊಟ್ಟು ನೋಡಿದ್ರು. ಮೂರರಲ್ಲಿ ಎರಡು ಪಾಲು ಜನ, ಜೀವಮಾನದ ಐದು ಅತಿ ಅರ್ಥಪೂರ್ಣ ಅನುಭವಗಳಲ್ಲಿ ಇದೂ ಒಂದು ಅಂದ್ರು. ಅದೇ 36ರಲ್ಲಿ 11 ಜನಕ್ಕೆ ನಡುವೆ ವಿಪರೀತ ಭಯ ಆಗಿತ್ತು. ಮೊದಲಿನ ಸಾಲು ರಿಟ್ರೀಟ್ ಪೋಸ್ಟರಿನಲ್ಲಿ ಇರುತ್ತೆ, ಎರಡನೇದು ಇರಲ್ಲ.

ನೈಟ್ ಡ್ಯೂಟಿ

ನಾನು ಹಾಸನದಲ್ಲಿ 16 ವರ್ಷದಿಂದ ನರ್ಸ್. ಡ್ಯೂಟಿ ಮುಗಿಸಿ ಬಸ್ಸಲ್ಲಿ ಕೂತು ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಕ್ಷಮಿಸಿ.

ಮೊದಲು ಆ ಬೇಲಿ ಹೂವು. ಅದು ದತ್ತೂರಿಯ ಅಣ್ಣತಮ್ಮ, ದಕ್ಷಿಣ ಅಮೆರಿಕದ್ದು, ನಮ್ಮ ಕಡೆ ಚೆಂದಕ್ಕೆ ಅಂತ ಬಂದಿದ್ದು. ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ, ರಸ ಕಣ್ಣಿಗೆ ತಾಗಿದ್ರೆ ಪಾಪೆ ಅಗಲ ಆಗಿ ಎಷ್ಟೋ ಹೊತ್ತು ಮಂಜು ಮಂಜು. ಎರಡರಲ್ಲೂ ಅಟ್ರೋಪಿನ್, ಸ್ಕೋಪೊಲಮಿನ್ ಅನ್ನೋ ವಿಷ ಇರುತ್ತೆ. ಇದನ್ನ ಅಣಬೆ, ಕಳ್ಳಿ ಜೊತೆ ಸೇರಿಸಿ ಸೈಕಡೆಲಿಕ್ (ಮನಸ್ಸಿಗೆ ಬೇರೆ ಲೋಕ ತೋರಿಸೋದು) ಅಂತಾರೆ, ತಪ್ಪು. ಅಣಬೆ ತಿಂದವನಿಗೆ ಹೆಚ್ಚಾಗಿ ತಾನು ಏನೋ ತಿಂದಿದೀನಿ ಅನ್ನೋ ಅರಿವು ಇರುತ್ತೆ. ದತ್ತೂರಿ ತಿಂದವನಿಗೆ ಅದೂ ಇರಲ್ಲ. ನಮ್ಮವರು ಅದಕ್ಕೆ ಸುಮ್ಮನೆ ಉಮ್ಮತ್ತಿ ಅಂದಿಲ್ಲ, ಉನ್ಮತ್ತ ಅನ್ನೋದರಿಂದ ಬಂದ ಮಾತು.

ಒಂದು ಶಿವರಾತ್ರಿ ರಾತ್ರಿ ಹುಡುಗನೊಬ್ಬನನ್ನ ಕರ್ಕೊಂಡು ಬಂದ್ರು, ಇಪ್ಪತ್ತು ದಾಟಿರಲಿಲ್ಲ. ಪಂದ್ಯ ಕಟ್ಟಿ ಬೀಜ ತಿಂದಿದ್ದ. ಮೈ ಕೆಂಡ, ಒಂದು ಹನಿ ಬೆವರಿಲ್ಲ. ನಾಲಿಗೆ ಒಣಗಿ ಮಾತು ತೊದಲು. ಇಲ್ಲದ ಬೀಡಿ ಹಚ್ಚಿ ಸೇದೋನು, ಬೂದಿ ಕೊಡವೋನು, ಬೆರಳಲ್ಲಿ ಗಾಳಿಯಿಂದ ದಾರ ಎಳೆಯೋನು. ಮೂತ್ರ ಕಟ್ಟಿತ್ತು, ನಳಿಗೆ ಹಾಕಿದ್ವಿ. ಮೂರನೇ ದಿನ ಸರಿಯಾಗಿ ಕಣ್ಣು ಬಿಟ್ಟ. ಅವರಮ್ಮ ಮೆಲ್ಲಗೆ, "ಶಿವ ಕಂಡನೇನೋ?" ಅಂತ ಕೇಳಿದ್ರು. "ನೀರು" ಅಂದ. ಇನ್ನೇನೂ ನೆನಪಿರಲಿಲ್ಲ ಅವನಿಗೆ. ಒಂದು ಗಿಡದ ಬೀಜಕ್ಕೂ ಪಕ್ಕದ ಗಿಡದ ಬೀಜಕ್ಕೂ ವಿಷದ ಅಳತೆ ಬೇರೆ, ಅದಕ್ಕೇ ಇಷ್ಟು ತಿಂದ್ರೆ ಪರವಾಗಿಲ್ಲ ಅನ್ನೋ ಲೆಕ್ಕ ಇಲ್ಲ. ಗೊರೂರಣ್ಣ, ಶಿವನಿಗೆ ಏರಿಸೋದು ನಾವು ತಿನ್ನಲಿ ಅಂತ ಅಲ್ಲ. ಅವನು ವಿಷ ಕುಡಿದು ಗಂಟಲಲ್ಲಿ ಇಟ್ಕೊಂಡವನು, ಅವನದು ಅವನಿಗೆ.

ಎರಡನೇದು ಇನ್ನೂ ಮುಖ್ಯ. ಹೆತ್ತೂರಿನವರು ಆ ಬಳ್ಳಿ ಕಿಣ್ವವನ್ನ ಕಟ್ಟಿಹಾಕುತ್ತೆ ಅಂದ್ರಲ್ಲ. ಖಿನ್ನತೆಗೆ ಮಾತ್ರೆ ತಗೊಳ್ಳೋರು, ಎಸ್ಸಿಟಲೋಪ್ರಾಂ, ಸರ್ಟ್ರಲೀನ್ ಆ ಥರದ್ದು, ಅದರ ಮೇಲೆ ಈ ಕಷಾಯ ಕುಡಿದ್ರೆ ಮೈಯಲ್ಲಿ ಸಿರೊಟೋನಿನ್ ಅನ್ನೋ ನರಗಳ ರಾಸಾಯನಿಕ ಉಕ್ಕಿಹೋಗುತ್ತೆ. ಜ್ವರ, ನಡುಕ, ಮೈ ಸೆಟೆತ, ಫಿಟ್ಸ್. ಜೀವ ಹೋಗಬಹುದು. ಶಿಬಿರಕ್ಕೆ ಅಂತ ತಾವೇ ಮಾತ್ರೆ ಬಿಡೋದು ಇನ್ನೊಂದು ಅಪಾಯ. ಫ್ಲೂಆಕ್ಸೆಟೀನ್ ಅಂತೂ ಬಿಟ್ಟ ಮೇಲೂ ವಾರಗಟ್ಟಲೆ ಒಳಗಿರುತ್ತೆ. ಮನೆಯಲ್ಲಿ ಯಾರಿಗಾದ್ರೂ ಚಿತ್ತಭ್ರಮೆಯ ಕಾಯಿಲೆ ಇದ್ದರೆ ಈ ಯಾವುದರ ಹತ್ತಿರವೂ ಹೋಗಬಾರದು. ಆ 12 ಜನದಲ್ಲಿ ಮಾತ್ರೆಯವರು ಯಾರು ಅಂತ ಆ ಗುರು ಕೇಳಿದ್ದಾರಾ? ಮಂಜಲ್ಲಿ ರಾತ್ರಿ ಎರಡು ಗಂಟೆಗೆ ಬಣಕಲ್‌ನಿಂದ ಯಾರನ್ನಾದ್ರೂ ಹೊತ್ಕೊಂಡು ಹೊರಡಬೇಕಾದ್ರೆ ಗಾಡಿ ಓಡಿಸೋರು ಯಾರು?

ಕೈಮರ ಚೆಕ್‌ಪೋಸ್ಟ್

ನಡುವೆ ಬಾಯಿ ಹಾಕ್ತೀನಿ. ಸಸ್ಯ ದೀಕ್ಷೆ ಅಂತ ಪೆರುವಿಗೆ ಹೋಗೋ ಮುಂಚೆ ನಮ್ಮ ಗಿರಿ ಕಡೆ ನೋಡಿ ಮಾರಾಯ್ರೆ. 15ನೇ ಶತಮಾನದಲ್ಲಿ ಯೆಮೆನ್‌ನ ಸೂಫಿಗಳು ಕಾಫಿ ಕುಡಿಯೋಕೆ ಶುರು ಮಾಡಿದ್ದು ರಾತ್ರಿಯಿಡೀ ಎಚ್ಚರ ಇದ್ದು ದೇವರ ಹೆಸರು ಹೇಳೋಕೆ. 1511ರಲ್ಲಿ ಮೆಕ್ಕಾದಲ್ಲಿ ಇದು ಅಮಲು ಅಂತ ನಿಷೇಧವೂ ಆಗಿತ್ತು. ಆ ಸೂಫಿಗಳ ದಾರಿಯಲ್ಲಿ ಬಂದ ಬಾಬಾಬುಡನ್ ಏಳು ಬೀಜ ತಂದು ಚಂದ್ರದ್ರೋಣದಲ್ಲಿ ಹಾಕಿದ್ರು ಅಂತ ಕಥೆ. ಈಗ ಅದೇ ಗಿಡದ ರೇಟು ನೋಡೋಕೆ ಬೆಳಿಗ್ಗೆ ಎದ್ದ ಕೂಡಲೇ ಫೋನ್ ಹಿಡೀತೀವಿ. ಅಕ್ಕಂದು ರೋಬಸ್ಟಾ, ಆ ಏಳು ಬೀಜದ ಸಂತಾನ ಅಲ್ಲ ಬಿಡಿ.

ಬಣಕಲ್ ಅಡುಗೆಮನೆ

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಇಲ್ಲಿಗೆ ಬರೋಕೆ ಮನಸ್ಸಾಗಲಿಲ್ಲ. ನೈಟ್ ಡ್ಯೂಟಿಯವರು ಬರೆದದ್ದು ಓದಿದ ಮೇಲೆ ಕೈಕಾಲು ತಣ್ಣಗಾಯ್ತು.

ಒಂದು ವಿಷಯ ಮುಚ್ಚಿಟ್ಟಿದ್ದೆ. ಈ ಬುಕಿಂಗ್ ತಂದಿದ್ದು ನನ್ನ ಮಗಳು. ಬೆಂಗಳೂರಲ್ಲಿ ಕೆಲಸ, 24 ವರ್ಷ. ಆ ಹನ್ನೆರಡರಲ್ಲಿ ಅವಳೂ ಒಬ್ಬಳು. ಎಂಟು ತಿಂಗಳಿಂದ ಮಾತ್ರೆ ತಗೋತಿದಾಳೆ, ನೀವು ಬರೆದಿದ್ದೀರಲ್ಲ ಮೊದಲನೇ ಹೆಸರು, ಅದೇ. ರಾತ್ರಿಯೇ ಫೋನ್ ಮಾಡಿ ಕೇಳಿದೆ. ಅವರು ಕೇಳಿದ್ದಾರಂತೆ, ಎರಡು ವಾರ ಮುಂಚೆ ಬಿಟ್ಟುಬಿಡು ಅಂದಿದ್ದಾರಂತೆ. ಡಾಕ್ಟರಿಗೆ ಹೇಳಿದೀಯಾ ಅಂದೆ. ಇಲ್ಲ. ನಾನು ಬೈಯೋಕೆ ಶುರು ಮಾಡಿದೆ, ಆಗ ಅವಳು ಹೇಳಿದ್ದು ಹಾಗೇ ಬರೀತೀನಿ. "ಅಮ್ಮ, ಮಾತ್ರೆ ತಗೊಂಡ್ರೆ ಅಳು ಬರಲ್ಲ, ಸರಿ. ನಗುನೂ ಬರಲ್ಲ. ನನಗೆ ಏನಾದ್ರೂ ಅನ್ನಿಸಬೇಕು." ಬಾಯಿ ಕಟ್ಟಿಹೋಯ್ತು ನಂಗೆ. ನಾನು ಅಮಲು ಅಂದ್ಕೊಂಡಿದ್ದೆ. ಅವಳು ಹುಡುಕ್ತಿರೋದು ಅಮಲಲ್ಲ.

ಇನ್ನೊಂದು ಪ್ರಶ್ನೆ ತಲೆಯಲ್ಲಿ ಕೊರೀತಿದೆ, ಹೆತ್ತೂರಿನವರು ಹೇಳಿ. ನಮ್ಮೂರ ಸುಗ್ಗಿ ಹಬ್ಬದಲ್ಲಿ ನಮ್ಮ ಮನೆಯವರ ಚಿಕ್ಕಪ್ಪನ ಮೈಮೇಲೆ ದೇವರು ಬರುತ್ತೆ. ಒಂಬತ್ತು ದಿನ ಮುಂಚೆಯಿಂದ ವ್ರತ, ಮಾಂಸ ಇಲ್ಲ, ಬೇರೆಯವರ ಮನೆ ನೀರೂ ಇಲ್ಲ, ಚಾಪೆ ಮೇಲೆ ಮಲಗೋದು. ಡೋಲಿನ ಪೆಟ್ಟು ಬದಲಾದ ಕೂಡಲೇ ಅವರ ಮುಖವೇ ಬೇರೆ. ಕಾಫಿ ರೇಟಿನಿಂದ ಹಿಡಿದು ಗಡಿ ಜಗಳದ ತನಕ ಜನ ಪ್ರಶ್ನೆ ಕೇಳ್ತಾರೆ. ಹಾಗಾದ್ರೆ ಅವರೂ ಶಾಮನ್ನಾ? ಅದಕ್ಕೆ ಕೈ ಮುಗಿಯೋ ನಾನು ಇದಕ್ಕೆ ಯಾಕೆ ಹೆದರ್ತಿದೀನಿ?

ಹೆತ್ತೂರು ಬಸ್ಸು

ಅಕ್ಕ, ಮೊದಲು ಮಗಳನ್ನ ಊರಿಗೆ ಕರೆಸ್ಕೊಳ್ಳಿ. ಮಾತ್ರೆ ತಗೊಂಡ್ರೆ ಏನೂ ಅನ್ನಿಸಲ್ಲ ಅನ್ನೋ ಮಾತನ್ನ ಅವಳ ಡಾಕ್ಟರಿಗೇ ಹೇಳಬೇಕು, ಅದು ಕೇಳಿಸಿಕೊಳ್ಳಬೇಕಾದ ಮಾತು. ಮಾತ್ರೆ, ಅಳತೆ ಬದಲಾಯಿಸೋದು ಅವರ ಕೈಯಲ್ಲಿದೆ.

ಶಾಮನ್ ಅನ್ನೋ ಪದ ಸೈಬೀರಿಯದ ಎವೆಂಕಿ ಜನರ ಕಡೆಯಿಂದ ಬಂದದ್ದು. ಅವರ ಮುಖ್ಯ ಸಾಧನ ಗಿಡ ಅಲ್ಲ, ತಮಟೆ. ಈಗಿನ ಕಾಲದ ಶಾಮನಿಸಂ ಅನ್ನೋದಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬ ಮೈಕೆಲ್ ಹಾರ್ನರ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞ. ಅಮೆಜಾನಿನಲ್ಲಿ ತಾನೇ ಕಷಾಯ ಕುಡಿದು ಬಂದವನು. ಆದ್ರೆ ಕಡೆಗೆ ತನ್ನ ಕಡೆಯ ಜನಕ್ಕೆ ಕಲಿಸಿದ್ದು ಬರೀ ತಮಟೆ. ಒಂದೇ ಸಮ ಬಡೀತಾ ಇದ್ರೆ ಸಾಕು ಅಂದ. ಹಾಗಾಗಿ ನಿಮ್ಮ ಚಿಕ್ಕಪ್ಪನೂ ಅವರೂ ದೂರದ ನೆಂಟರು ಅನ್ನಬಹುದು. ಪಂಡಿತರು ಒಂದು ವ್ಯತ್ಯಾಸ ಹೇಳ್ತಾರೆ: ಶಾಮನ್ ಆತ್ಮ ಬೇರೆ ಲೋಕಕ್ಕೆ ಹೋಗಿ ಬರುತ್ತೆ, ನಮ್ಮಲ್ಲಿ ದೇವರೇ ಇಳಿದು ಬರುತ್ತೆ. ಅವರದು ಹೋಗೋದು, ನಮ್ಮದು ಬರೋದು.

ವ್ರತ ಮಾತ್ರ ಅದೇ ನೋಡಿ. ಶಿಪಿಬೊ ವೈದ್ಯರ ಪಥ್ಯವೂ ಉಪ್ಪಿಲ್ಲ, ಹಂದಿ ಇಲ್ಲ, ಹೆಂಡತಿ ಜೊತೆ ಮಲಗೋ ಹಾಗಿಲ್ಲ, ತಿಂಗಳುಗಟ್ಟಲೆ. ನಿಮಗೆ ಬಂದ ಆ ಪಟ್ಟಿ ಅದರ ಮೂರು ದಿನದ ನಕಲು.

ಹೆದರಿಕೆ ಯಾಕೆ ಅಂತ ಕೇಳಿದ್ರಿ. ಚಿಕ್ಕಪ್ಪ ಹೇಳಿದ್ದು ತಪ್ಪಾದ್ರೆ ಮಾರನೇ ದಿನ ಅದೇ ಊರಲ್ಲಿ ಓಡಾಡಬೇಕು. ಹುಣ್ಣಿಮೆ ಮುಗಿದ ಮೇಲೆ ನಿಮ್ಮ ಗುರು ಮುಂದಿನ ಬುಕಿಂಗ್‌ಗೆ ಗೋಕರ್ಣಕ್ಕೆ ಹೋಗ್ತಾರೆ. ನನ್ನ ಮಟ್ಟಿಗೆ ವ್ಯತ್ಯಾಸ ಇಷ್ಟೇ. ಹಾಗಂತ ಆ ಹಾಡಿದ ಅಜ್ಜಿಯನ್ನ ನಾನು ಮರೀಲಿಲ್ಲ. ಊರಿಗೆ ಬಂದ ವರ್ಷ ಅಪ್ಪನಿಗೆ ಎಡೆ ಇಟ್ಟಾಗ, ಎಲೆ ಮುಂದೆ ಅಪ್ಪನ ಹೆಸರು ಜೋರಾಗಿ ಕೂಗಿದೆ. ಅಮ್ಮ ಗಾಬರಿಯಾದ್ರು.

ಗೊರೂರು ಗಾಳಿ

ನಾನು ಮೊದಲು ಬರೆದದ್ದು ಸ್ವಲ್ಪ ಹುಡುಗಾಟ ಆಯ್ತು. ಮಗಳ ವಿಷಯ ಗೊತ್ತಿರಲಿಲ್ಲ ಅಕ್ಕ. ಅವಳು ಬಂದ ಮೇಲೆ ಒಂದು ಸಾಲು ಹಾಕಿ.

ಬಣಕಲ್ ಅಡುಗೆಮನೆ

ಬಂದ್ಲು. ಶುಕ್ರವಾರ ರಾತ್ರಿ ಬಸ್ಸಿಗೆ ಹತ್ತಿ ಬೆಳಗಿನ ಜಾವ ಮೂಡಿಗೆರೆಗೆ ಇಳಿದ್ಲು, ಅವರಪ್ಪ ಹೋಗಿ ಕರ್ಕೊಂಡು ಬಂದ್ರು. ಮಾತ್ರೆ ಬಿಟ್ಟಿರಲಿಲ್ಲ ಇನ್ನೂ. ಸೋಮವಾರಕ್ಕೆ ಅವಳ ಡಾಕ್ಟರ ಹತ್ತಿರ ಟೈಮ್ ತಗೊಂಡಿದೀವಿ, ನಾನೂ ಜೊತೆಗೆ ಹೋಗ್ತಿದೀನಿ.

ಆ ಗುರುಗಳಿಗೆ ಫೋನ್ ಮಾಡಿ ಆಗಲ್ಲ ಅಂದೆ. ಸಿಟ್ಟಾಗಲಿಲ್ಲ, "ಗಿಡಕ್ಕೆ ನಿಮ್ಮ ಮನೆ ಇನ್ನೂ ಸಿದ್ಧ ಇಲ್ಲ ಅಂತ ಕಾಣುತ್ತೆ" ಅಂದ್ರು. ಬರೀ ತಮಟೆ ಬಡಿದು ಧ್ಯಾನ ಮಾಡೋದಾದ್ರೆ ಬನ್ನಿ, ಉಪ್ಪು ಹಾಕಿದ ಊಟ ಹಾಕ್ತೀನಿ ಅಂದೆ. ಆಮೇಲೆ ಫೋನ್ ಇಲ್ಲ. ಅಡ್ವಾನ್ಸ್ ವಾಪಸ್ ಕಳಿಸಿದೆ. ನಮ್ಮ ಮನೆಯವರು ಒಂದು ದಿನ ಮುಖ ಊದಿಸ್ಕೊಂಡಿದ್ರು, ಮೆಣಸಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆಸೋ ಕೂಲಿಗೆ ಆ ದುಡ್ಡು ಅಂತ ಲೆಕ್ಕ ಹಾಕಿದ್ರು ಅವರು.

ಮಗಳು ಈ ಚರ್ಚೆ ಪೂರ್ತಿ ಓದಿದ್ಲು. ಸಂಜೆ ಅವರಜ್ಜಿ ಹತ್ತಿರ ಕೂತು ಚಿಕ್ಕಪ್ಪನ ವಿಷಯ ಕೇಳಿದ್ಲು. ದೇವರು ಬಂದಾಗ ಅವರಿಗೆ ಏನು ಅನ್ನಿಸುತ್ತೆ ಅಂತ. ಅತ್ತೆ, "ಅದು ಅವನಿಗೇ ಗೊತ್ತಿಲ್ಲ ಕಣೇ. ದೇವರು ಇಳಿದ ಮೇಲೆ ಒಂದು ಚೊಂಬು ನೀರು ಕುಡೀತಾನೆ, ಆಮೇಲೆ ನಮ್ಮನ್ನ ನೋಡಿ ಕೇಳೋದು ಒಂದೇ ಮಾತು, ನಾನು ಯಾರಿಗಾದ್ರೂ ನೋವಾಗೋ ಹಾಗೆ ಏನಾದ್ರೂ ಅಂದ್ನಾ ಅಂತ" ಅಂದ್ರು. ಮಗಳು ತುಂಬ ಹೊತ್ತು ಸುಮ್ಮನಿದ್ಲು. ಅತ್ತಳೋ ಇಲ್ವೋ ಗೊತ್ತಿಲ್ಲ, ಲೈಟ್ ಹೋಗಿತ್ತು.

ಬಕೆಟ್ ಹನ್ನೆರಡೂ ಮೊದಲೇ ತಂದಾಗಿತ್ತು, ಕಡು ನೀಲಿ. ಹನ್ನೊಂದು ಅಟ್ಟಕ್ಕೆ ಹೋಯ್ತು. ಒಂದರಲ್ಲಿ ನಮ್ಮ ಮನೆಯವರು ಈಗ ಮೈಲುತುತ್ತ ನೆನೆಹಾಕಿದ್ದಾರೆ, ಇವತ್ತು ಸ್ವಲ್ಪ ಬಿಸಿಲು ಬಿದ್ದಿದೆ.